ಚುಕ್ಕಿ ಹುಡುಕುತ್ತಿದ್ದ ಮರಿ

ಕಳೆದ ತಿಂಗಳು ಪ್ರಾಯೋಗಿಕ ಪರೀಕ್ಷೆ ನಡೆಸಲು ಗೋಕಾಕದಿಂದ ಮೂಡಲಗಿಗೆ ಹೊರಟಿದ್ದೆ. ಬೆಳಗಿನ ಬಸ್ಸು, ತುಂಬ ಕಾಲೇಜು ಹುಡುಗಿಯರು, ಕಾಲಿಗೆ ಅಡ್ಡವಾಗಿ ಯಾರದೋ ಬದನೆಕಾಯಿ ಚೀಲ. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಡ್ರೈವರ್ ಹಾರ್ನ್ ಹೊಡೆಯುವ ಗೋಜಿಗೂ ಹೋಗದೆ ಎಂಜಿನ್ ಆರಿಸಿ ಕುಳಿತ. ರಸ್ತೆಯ ತುಂಬ ಕರಿ ಕುರಿಗಳು. ಹಿಂದಿನ ದಿನ ಹನಿ ಬಿದ್ದಿತ್ತೇನೋ, ತೊಯ್ದ ಉಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದ ಹುಡುಗಿ ಮೂಗಿಗೆ ವೇಲ್ ಹಿಡಿದುಕೊಂಡು, “ಕಿಡಕಿ ಹಾಕ್ರಿ ಮೇಡಂ” ಎಂದಳು. ನಾನು ಅರ್ಧ ತೆರೆದಿದ್ದ ಕಿಟಕಿಯನ್ನು ಪೂರ್ತಿ ಸರಿಸಿದೆ. ಅವಳು ನನ್ನನ್ನು ನೋಡಿದ ರೀತಿಗೆ ನಗು ಬಂತು. ಒಂದು ಕಾಲಕ್ಕೆ ನಾನೂ ಹೀಗೇ ಮೂಗು ಮುಚ್ಚಿಕೊಂಡವಳು. ಆಮೇಲೆ ಒಂದು ಚಳಿಗಾಲವಿಡೀ ಆ ವಾಸನೆಯ ನಡುವೆಯೇ ಕುಳಿತೆ. ಅಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ, ಬರೆದಿರಲಿಲ್ಲ.

ಹುಕ್ಕೇರಿಯ ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಅಪ್ಪನ ಬಾಯಲ್ಲಿ ಒಂದೇ ಬೆದರಿಕೆ. “ಸಾಲಿ ಕಲೀಲಿಲ್ಲಂದ್ರ ಕುರಿ ಕಾಯಾಕ ಹಚ್ಚತೇನಿ ನೋಡ.” ಆ ಹೆದರಿಕೆಗೇ ಇರಬೇಕು, ಚೆನ್ನಾಗಿ ಕಲಿತೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದೆ, ಸಂಶೋಧನೆಗೆ ಸೇರಿದೆ. ಮೊದಲು ನನಗೆ ಕೊಟ್ಟ ವಿಷಯ ಗೋಕಾಕ ಫಾಲ್ಸ್‌ನ ಮಂಗಗಳು. ಮೂರನೆಯ ವಾರದಲ್ಲಿ ಒಂದು ಹೆಣ್ಣು ಮಂಗ ನನ್ನ ರೊಟ್ಟಿ ಗಂಟಿನ ಜೊತೆಗೆ ಟಿಪ್ಪಣಿ ಪುಸ್ತಕವನ್ನೂ ಕಿತ್ತುಕೊಂಡು ಬಂಡೆಯ ಮೇಲೆ ಹೋಗಿ ಕುಳಿತಿತು. ರೊಟ್ಟಿ ತಿಂದಿತು, ಪುಸ್ತಕವನ್ನು ಪ್ರಪಾತಕ್ಕೆ ಹಾಕಿತು. ನನ್ನ ಗೈಡ್ ಸರ್ ಫೋನಿನಲ್ಲಿ ಬಹಳ ಹೊತ್ತು ನಕ್ಕು, “ನಿನ್ನ ಸೀಮೆಯಲ್ಲಿ ಕುರಿ ಎಷ್ಟೊಂದು ಇವೆಯಲ್ಲ, ತಾಯಿ ಕುರಿ ತನ್ನ ಮರಿಯನ್ನು ಹೇಗೆ ಗುರುತು ಹಿಡಿಯುತ್ತದೆ ನೋಡು” ಎಂದರು. ಊರಿಗೆ ಹೋಗಿ ಹೇಳಿದಾಗ ಅಪ್ಪ ಅಂಗಡಿಯ ತಕ್ಕಡಿ ಕೆಳಗಿಟ್ಟರು.

“ಅಲ್ಲವಾ, ಎಂ.ಎಸ್ಸಿ. ಮುಗಿಸಿ ಕುರಿ ಕಾಯಾಕ ಹೊಂಟಿ ಅಂದ್ರ ನಾ ಮಂದಿಗಿ ಏನಂತ ಹೇಳ್ಲಿ?”

ಪ್ರಾಣಿಗಳ ನಡವಳಿಕೆಯ ಅಭ್ಯಾಸವೆಂದರೆ ಬಹಳ ಜನ ಪಂಜರ, ಗುಂಡಿ ಒತ್ತುವ ಇಲಿ ಅಂದುಕೊಳ್ಳುತ್ತಾರೆ. ಅದರ ಹೆಚ್ಚಿನ ಪಾಲು ಸುಮ್ಮನೆ ಕೂಡುವುದು. ಕೂತು, ಐದೈದು ನಿಮಿಷಕ್ಕೆ ಕಂಡದ್ದನ್ನು ಬರೆಯುವುದು. ಕಂಡದ್ದನ್ನು ಮಾತ್ರ, ಅನಿಸಿದ್ದನ್ನು ಅಲ್ಲ. ‘ಕುರಿ ಸಿಟ್ಟಾಯಿತು’ ಎಂದು ಬರೆಯುವ ಹಾಗಿಲ್ಲ, ‘ತಲೆ ತಗ್ಗಿಸಿ ಗುದ್ದಿತು’ ಎಂದು ಬರೆಯಬೇಕು. ಸಿಟ್ಟು ನಿನ್ನದು, ಗುದ್ದಿದ್ದು ಅದರದು ಎನ್ನುತ್ತಿದ್ದರು ಸರ್. ಈ ಮಾತನ್ನು ನಾನು ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಮಸಿಯಿಂದ ಬರೆದುಕೊಂಡಿದ್ದೆ. ಬರೆದುಕೊಳ್ಳಲು ಏನು ಕಷ್ಟ.

ಮೂಡಲಗಿಯಲ್ಲಿ ನನ್ನ ದೊಡ್ಡವ್ವನ ಮನೆಯಿತ್ತು. ದೀಪಾವಳಿ ಮುಗಿದ ಮೇಲೆ ಅಲ್ಲಿ ಉಳಿದೆ. ಅಲ್ಲಿಂದ ಘಟಪ್ರಭಾದ ಕಡೆ ಹೋಗುವ ದಾರಿಯಲ್ಲಿ, ಗೋವಿನಜೋಳ ಕೊಯ್ದ ಒಂದು ಹೊಲದಲ್ಲಿ ಲಕ್ಕವ್ವನ ಕುರಿ ಹಿಂಡು ಬೀಡು ಬಿಟ್ಟಿತ್ತು. ನಮ್ಮ ಕಡೆ ಕುರುಬರ ಹಿಂಡನ್ನು ಹೊಲದವರು ಕರೆದು ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ. ನಾಲ್ಕು ದಿನ ಇಲ್ಲಿ, ಎಂಟು ದಿನ ಅಲ್ಲಿ. ಆದರೆ ಮರಿ ಹಾಕುವ ಕಾಲದಲ್ಲಿ ಮಾತ್ರ ಒಂದೇ ಕಡೆ ತಳವೂರುತ್ತಾರೆ. ಸುಮಾರು ಇನ್ನೂರು ಕುರಿ, ಏಳೆಂಟು ಆಡು, ಎರಡು ನಾಯಿ, ಸಾಮಾನು ಹೊರಲು ಒಂದು ಕುದುರೆ. ಲಕ್ಕವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಒಂದು ಕಣ್ಣಿಗೆ ಪೊರೆ ಬರುತ್ತಿತ್ತು. ಅವಳ ಮಗ ಬೀರಪ್ಪ, ಬೀರಪ್ಪನ ಹೆಂಡತಿ ಸತ್ಯವ್ವ. ಗಂಡ ಹೆಂಡತಿ ಹಗಲು ಕುರಿ ಮೇಯಿಸಲು ಹೋದರೆ ಎಳೆ ಮರಿಗಳನ್ನೂ, ಇನ್ನೇನು ಈಯುವ ಕುರಿಗಳನ್ನೂ ನೋಡಿಕೊಂಡು ಲಕ್ಕವ್ವ ಬೀಡಿನಲ್ಲಿ ಇರುತ್ತಿದ್ದಳು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಬೀರಪ್ಪ ನನ್ನನ್ನು ಸಾಲಿ ಕಲಿಸುವವಳೆಂದೇ ತಿಳಿದು ಅಕ್ಕಾರ ಎನ್ನುತ್ತಿದ್ದ.

“ಅಕ್ಕಾರ, ನಾವು ಹುಟ್ಟಿದಾಗಿಂದ ಕುರಿ ನೋಡಾಕತ್ತೇವಿ. ನಮಗ ಯಾರೂ ಡಾಕ್ಟರ್ ಅಂದಿಲ್ಲ ನೋಡ್ರಿ” ಎಂದು ಅವನು ಮೊದಲ ದಿನವೇ ಕಾಲೆಳೆದ.

ಆ ವರ್ಷದ ಚಳಿ ನೆನೆದರೆ ಈಗಲೂ ಕೈ ಉಜ್ಜಿಕೊಳ್ಳಬೇಕೆನಿಸುತ್ತದೆ. ಬೆಳಕು ಹರಿಯುವ ಹೊತ್ತಿಗೆ ದೊಡ್ಡವ್ವನ ಮನೆಯ ಸ್ಕೂಟಿಯಲ್ಲಿ ಹೊರಟರೆ ಎರಡೂ ಬದಿ ಕಬ್ಬಿನ ಹೊಲ, ಮಧ್ಯೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗುವ ಹಾಗೆ ಹಾಡು ಹಾಕಿಕೊಂಡು ಕಾರ್ಖಾನೆಯ ಕಡೆ ಹೋಗುತ್ತಿದ್ದವು. ಅವುಗಳ ಹಿಂದೆ ನಿಧಾನವಾಗಿ ಹೋಗಿ ಬೀಡು ಮುಟ್ಟಿದರೆ ಲಕ್ಕವ್ವ ಕಂಬಳಿಯ ಕೊಪ್ಪೆ ಹಾಕಿಕೊಂಡು ಮೂರು ಕಲ್ಲಿನ ಒಲೆಯ ಮುಂದೆ ಇರುತ್ತಿದ್ದಳು. ಆಡಿನ ಹಾಲಿನ ಚಹಾ. ಮೊದಲ ದಿನ ಅದನ್ನು ಗಂಟಲಿಗಿಳಿಸಲು ಒದ್ದಾಡಿದೆ. ಎರಡನೆಯ ವಾರದಲ್ಲಿ ನಾನೇ ಎರಡನೇ ಸಲ ಕೇಳುತ್ತಿದ್ದೆ.

ಆ ಬೀಡಿನಲ್ಲಿ ನೋಡಬೇಕಾದದ್ದು ಸಂಜೆ. ಹಗಲೆಲ್ಲ ಬಲೆಯ ಬೇಲಿಯೊಳಗೆ ಇದ್ದ ಮರಿಗಳು ಹಿಂಡಿನ ಸದ್ದು ದೂರದಿಂದ ಕೇಳಿದೊಡನೆ ಒದರಲು ಶುರು. ಅತ್ತ ತಾಯಂದಿರು ಮೇವು ಬಿಟ್ಟು ಓಡಿ ಬರುತ್ತಿದ್ದವು. ಲಕ್ಕವ್ವ ಬಲೆ ಎತ್ತಿದರೆ ಮುಗಿಯಿತು, ಎಲ್ಲ ಒಂದೇ ಕರಿ ಬಣ್ಣ, ಎಲ್ಲ ಒಂದೇ ಗದ್ದಲ. ನನಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು. ಆದರೆ ಒಂದೊಂದು ತಾಯಿಯೂ ದನಿ ಕೇಳಿ ಹತ್ತಿರ ಬಂದು, ಮರಿಯ ಬಾಲದ ಬುಡವನ್ನು ಮೂಸಿ, ತನ್ನದಲ್ಲದಿದ್ದರೆ ತಲೆಯಿಂದ ತಳ್ಳಿ ಮುಂದೆ ಹೋಗುತ್ತಿತ್ತು. ತನ್ನದಾದರೆ ಗಂಟಲಲ್ಲೇ ಒಂದು ಸಣ್ಣ ಸದ್ದು ಮಾಡುತ್ತಿತ್ತು. ಕಾಲು ಗಂಟೆಯಲ್ಲಿ ಹೊಲ ನಿಶ್ಶಬ್ದ. ಎಲ್ಲ ಮರಿಗಳೂ ಕೆಚ್ಚಲಿಗೆ ಬಾಯಿ ಹಾಕಿರುತ್ತಿದ್ದವು. ದೂರದಿಂದ ದನಿ, ಹತ್ತಿರ ಬಂದ ಮೇಲೆ ವಾಸನೆ. ಇದಿಷ್ಟನ್ನು ಪುಸ್ತಕಗಳಲ್ಲಿ ಓದಿದ್ದೆ. ಕಣ್ಣಿಂದ ನೋಡಿದ ಮೊದಲ ಸಂಜೆ ಪೆನ್ನು ಎತ್ತಲೇ ಇಲ್ಲ.

ಮರಿಗಳಿಗೆ ಗುರುತು ಹಾಕದೆ ನನ್ನ ಕೆಲಸ ಸಾಗುವ ಹಾಗಿರಲಿಲ್ಲ. ಕೊರಳಿಗೆ ನಂಬರಿನ ದಾರ ಕಟ್ಟಿದೆ, ಆಡುಗಳು ತಿಂದವು. ಬಣ್ಣದ ನೀರು ಹಚ್ಚಿದೆ, ಇಬ್ಬನಿಗೆ ಹೋಯಿತು. ಕೊನೆಗೆ ಘಟಪ್ರಭಾದ ಅಂಗಡಿಯಿಂದ ಹಳದಿ ಎಣ್ಣೆ ಬಣ್ಣ, ಅದನ್ನು ತೆಗೆಯುವ ಥಿನ್ನರ್ ಶೀಸೆ ತಂದೆ. ಲಕ್ಕವ್ವ ಡಬ್ಬಿ ಮೂಸಿ ಮುಖ ಸಿಂಡರಿಸಿದಳು. ಕುರಿಗಳನ್ನೆಲ್ಲ ಹೆಸರಿನಿಂದ ಬಲ್ಲವಳಿಗೆ ನನ್ನ ನಂಬರುಗಳು ಮೋಜಿನ ವಸ್ತು. ಆದರೂ ಬೇಡವೆನ್ನಲಿಲ್ಲ. ಒಂದು ಕರಾರು ಹಾಕಿದಳು.

“ಹುಟ್ಟಿದ ಮರೀನ ತಾಯಿ ನೆಕ್ಕಿ ಒಣಗಸಬೇಕು. ಮರಿ ಎರಡ ಹೊತ್ತು ಗಿಣ್ಣದ ಹಾಲು ಕುಡೀಬೇಕು. ಅಲ್ಲೀಮಟಾ ನಿನ್ನ ಕೈ ತಾಗಬಾರದು. ನನ್ನ ಕೈನೂ ತಾಗಂಗಿಲ್ಲ. ತಿಳೀತಿಲ್ಲೋ?”

ತಿಳಿಯಿತು ಎಂದೆ. ಪುಸ್ತಕಗಳೂ ಅದನ್ನೇ ಹೇಳುತ್ತವೆ. ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ತಾಯಿ ಆ ವಾಸನೆಯನ್ನು ಕಲಿಯುತ್ತದೆ, ಆಮೇಲೆ ಬಾಗಿಲು ಮುಚ್ಚಿದ ಹಾಗೆ. ಎಲ್ಲ ಗೊತ್ತಿತ್ತು ನನಗೆ.

ಒಂದು ದಿನ ಸರ್ ನನ್ನ ಟಿಪ್ಪಣಿಗಳನ್ನು ನೋಡಿ ಫೋನ್ ಮಾಡಿದರು. ಮರಿ ಹುಟ್ಟಿದ ಮೊದಲ ಗಂಟೆಯ ದಾಖಲೆ ತೀರ ತೆಳುವಾಗಿದೆ, ಯಾವ ಮರಿ ಯಾವುದೆಂದೇ ತಿಳಿಯುವುದಿಲ್ಲ, ಹೀಗಾದರೆ ಈ ಚಳಿಗಾಲ ದಂಡ ಎಂದರು. ಇನ್ನೊಂದು ಹಿಂಡು ಹುಡುಕುವುದೆಂದರೆ ಮತ್ತೊಂದು ವರ್ಷ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಸತ್ಯವ್ವ ಅತ್ತೆಯನ್ನು ಕಣ್ಣು ತೋರಿಸಲು ಘಟಪ್ರಭಾಕ್ಕೆ ಕರೆದುಕೊಂಡು ಹೋದಳು. ಬೀರಪ್ಪ ಹಿಂಡಿನ ಜೊತೆ ಹೋಗಿದ್ದ. “ಸ್ವಲ್ಪ ನೋಡ್ಕೋ ಯವ್ವಾ, ಮಧ್ಯಾನದಾಗ ಬರತೇನಿ” ಎಂದು ಲಕ್ಕವ್ವ ಬೀಡನ್ನು ನನಗೆ ಒಪ್ಪಿಸಿ ಹೋದಳು. ಬಿಸಿಲೇರುವ ಹೊತ್ತಿಗೆ ಮೂರು ಕುರಿಗಳು ಒಂದರ ಹಿಂದೆ ಒಂದು, ಪಕ್ಕಪಕ್ಕದಲ್ಲೇ ಮರಿ ಹಾಕಿದವು. ಒಂದರ ಹೆಸರು ಚುಕ್ಕಿ. ಹಣೆಯ ಮೇಲೆ ಬಿಳಿ ಬೊಟ್ಟು, ಚೊಚ್ಚಲ ಕುರಿ. ಮೂರೂ ಮರಿಗಳು ಕರಿ, ಮೂರೂ ತೊಯ್ದು ತೊಪ್ಪೆ, ಎದ್ದು ಬಿದ್ದು ಒಂದರ ತಾಯಿಯ ಹತ್ತಿರ ಇನ್ನೊಂದು ಹೋಗುತ್ತಿದ್ದವು. ನನ್ನ ಮೊದಲ ಗಂಟೆ ಕಣ್ಣೆದುರಿಗೆ ಕಲಸಿ ಹೋಗುತ್ತಿತ್ತು. ಒಂದನ್ನು ಗುರುತು ಮಾಡಿದರೆ ಸಾಕು, ಉಳಿದೆರಡನ್ನು ಹೇಗೋ ಬೇರೆ ಮಾಡಬಹುದು ಎಂದುಕೊಂಡೆ. ಚುಕ್ಕಿ ಮರಿಯ ತಲೆ ನೆಕ್ಕಿ ಮುಗಿಸಿ ಮೈಗೆ ಬರುತ್ತಿತ್ತು. ನಾನು ಆ ಮರಿಯನ್ನು ಎತ್ತಿಕೊಂಡು, ಹಿಂದಿನಿಂದ ಕಾಣಲೆಂದು ಬಾಲದ ಬುಡದಲ್ಲಿ ಹಳದಿ ಗೆರೆ ಎಳೆದು ಇಳಿಸಿದೆ. ಅರ್ಧ ನಿಮಿಷದ ಕೆಲಸ.

ಚುಕ್ಕಿ ಬಂದು ಮೂಸಿತು. ಹಿಂದೆ ಸರಿಯಿತು. ಮತ್ತೆ ಮೂಸಿ ತಲೆಯಿಂದ ತಳ್ಳಿತು. ಮರಿ ಬಿದ್ದಿತು, ಎದ್ದು ಮತ್ತೆ ಹೋಯಿತು. ಈ ಸಲ ಗುದ್ದಿತು. ಗಾಬರಿಯಲ್ಲಿ ಥಿನ್ನರ್ ಹಚ್ಚಿ ಬಣ್ಣ ಒರೆಸಿದೆ, ಆ ವಾಸನೆ ಹೋಗಲೆಂದು ಬಿಸಿನೀರು, ಸಾಬೂನು ಹಾಕಿ ತೊಳೆದೆ, ವೇಲಿನಿಂದ ಒರೆಸಿ ಒಣಗಿಸಿದೆ. ತಾಯಿ ಕಲಿಯಬೇಕಾಗಿದ್ದ ಅಕ್ಷರವನ್ನು ಪಾಟಿಯಿಂದಲೇ ಅಳಿಸಿದ ಹಾಗಾಯಿತು. ಉಳಿದೆರಡು ಮರಿಗಳು ತಮ್ಮ ತಾಯಂದಿರನ್ನು ತಾವೇ ಸೇರಿಕೊಂಡು ಹಾಲು ಕುಡಿಯುತ್ತಿದ್ದವು. ಚುಕ್ಕಿ ಮರಿಯನ್ನು ದಾಟಿ ಆ ಕಡೆ ಈ ಕಡೆ ಓಡಾಡುತ್ತ ಒದರುತ್ತಿತ್ತು.

ಲಕ್ಕವ್ವ ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದಾಗ ನಾನು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

“ಯಾಕ, ಏನಾತು?”

“ಹತ್ರ ಬಿಟ್ಕೊಳ್ಳವಲ್ದು ಆಯಿ. ಗುದ್ದಾಕತ್ತೈತಿ.”

“ಮೈ ನೀ ಒರಸಿದ್ಯೇನು?”

“ಹೂಂ. ಥಂಡಿ ಐತಲ್ಲ, ನಡಗಾಕತ್ತಿತ್ತು.”

ಅಷ್ಟೇ ಹೇಳಿದೆ. ಅದರಲ್ಲಿ ಸುಳ್ಳಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲಕ್ಕವ್ವ ಚುಕ್ಕಿಯನ್ನು ನೋಡಿ, “ಚೊಚ್ಚಲ ಅಲ್ಲಾ, ಒಂದೊಂದು ಹಿಂಗಿರತಾವು. ತಾಯಿ ಗುಣಾನ ಇಲ್ಲ ಇದಕ್ಕ” ಎಂದಳು. ನನಗೆ ಬೇಕಾಗಿದ್ದ ಕಾರಣ ತಾನಾಗಿ ಬಂದು ಕೈಗೆ ಬಿತ್ತು.

ಮುಂದಿನ ನಾಲ್ಕು ದಿನ ನನ್ನ ಬದುಕಿನ ಅತಿ ಕೆಟ್ಟ ದಿನಗಳಲ್ಲಿ ಸೇರುತ್ತವೆ. ಚುಕ್ಕಿಯನ್ನು ಗೂಟಕ್ಕೆ ಕಟ್ಟಿದರು. ನಾಯಿಯನ್ನು ಹತ್ತಿರ ತಂದು ನಿಲ್ಲಿಸಿದರು, ನಾಯಿ ಕಂಡರೆ ತಾಯಿಗೆ ಮರಿಯ ಮೇಲೆ ಕರುಳು ಬರುತ್ತದೆಂದು. ಬರಲಿಲ್ಲ. ಮರಿಯ ಮೈಗೆ ಉಪ್ಪು ಸವರಿದರು. ಚುಕ್ಕಿ ಉಪ್ಪು ನೆಕ್ಕಿ ಮರಿಯನ್ನು ಗುದ್ದಿತು. ಬೆಳಿಗ್ಗೆ ಸಂಜೆ ಬೀರಪ್ಪ ಅದರ ಕಾಲು ಹಿಡಿದು ನಿಲ್ಲಿಸಿದರೆ ನಾನು ಮರಿಯ ಬಾಯಿಗೆ ಮೊಲೆ ಹಿಡಿಯುತ್ತಿದ್ದೆ. ಕಾಲು ಬಿಟ್ಟೊಡನೆ ಒದೆ. ಲಕ್ಕವ್ವ ಬಾಯಿಗೆ ಬಂದ ಹಾಗೆ ಅದನ್ನು ಬೈಯುತ್ತಿದ್ದಳು, ಒಮ್ಮೆ ಬೆತ್ತದಿಂದ ಮೂತಿಗೆ ಹೊಡೆದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವಳು ಚುಕ್ಕಿಗೆ ಬೈದಾಗೆಲ್ಲ ನಾನು ನನ್ನ ಕೈ ನೋಡಿಕೊಳ್ಳುತ್ತಿದ್ದೆ. ಉಗುರಿನ ಸಂದಿಯಲ್ಲಿ ಹಳದಿ ಇನ್ನೂ ಇತ್ತು.

ಬೀಡು ಕೀಳುವ ದಿನ ಹತ್ತಿರ ಬಂದಿತ್ತು. ಹುಣ್ಣಿಮೆಯ ಮರುದಿನ ಹಿಂಡು ಹುಕ್ಕೇರಿಯ ಕಡೆ ಹೊರಡುವುದಿತ್ತು. ಬೀರಪ್ಪ ಲೆಕ್ಕಾಚಾರದ ಮನುಷ್ಯ, ಕೆಟ್ಟವನಲ್ಲ.

“ಈ ಮರಿ ತಾಯಿ ಹಾಲಿಲ್ಲದ ಅಷ್ಟ ದೂರ ನಡಿಯಾಂಗಿಲ್ರಿ ಅಕ್ಕಾರ. ಇನ್ನ ಚುಕ್ಕಿ. ಮರಿ ಒಲ್ಲದ ಕುರಿ ಇಟ್ಕೊಂಡು ಏನ್ ಮಾಡೂನು? ಸಂತಿಗಿ ಹೊಡಕೊಂಡು ಹೊಕ್ಕೇನಿ.”

ಸಂತೆಯಲ್ಲಿ ಅಂಥ ಕುರಿಯನ್ನು ಸಾಕಲು ಯಾರೂ ಕೊಳ್ಳುವುದಿಲ್ಲ. ಕೊಳ್ಳುವವರು ಯಾರೆಂದು ಕೇಳುವ ಅಗತ್ಯವೂ ಇರಲಿಲ್ಲ.

ನಾನು ಆಡಿನ ಹಾಲನ್ನು ಬಾಟಲಿಗೆ ಹಾಕಿ ಮರಿಗೆ ಕುಡಿಸುತ್ತಿದ್ದೆ. ಅದನ್ನು ನೋಡಿ ಲಕ್ಕವ್ವ, “ನೀ ಹೋದ ಜಲ್ಮದಾಗ ಕುರಬರಾಕಿನ ಇದ್ದಿ ನೋಡ ಯವ್ವಾ. ಇಷ್ಟ ಕರುಳು ಯಾರಿಗೈತಿ” ಎಂದಳು. ಆ ಮಾತಿಗಿಂತ ಅವಳ ಬೆತ್ತದ ಏಟು ನನಗೆ ಬಿದ್ದಿದ್ದರೆ ಹಗುರಾಗುತ್ತಿತ್ತು. ಸರ್‌ಗೆ ಫೋನ್ ಮಾಡಿ ಒಂದು ತಾಯಿ ಮರಿಯನ್ನು ಬಿಟ್ಟಿದೆ ಎಂದೆ. ಚೊಚ್ಚಲ ಕುರಿಗಳಲ್ಲಿ ಹೀಗಾಗುತ್ತದೆ, ಆ ಜೋಡಿಯನ್ನು ಪಟ್ಟಿಯಿಂದ ಕೈಬಿಡು ಎಂದರು. ಅವರಿಗೂ ನಾನು ಪೂರ್ತಿ ಹೇಳಿರಲಿಲ್ಲ. ಹೀಗೆ ಎಲ್ಲರೂ ಸೇರಿ ನನಗೆ ದಾರಿ ಮಾಡಿಕೊಡುತ್ತಿದ್ದರು. ಹೇಳಿದರೆ ಬೀಡಿನಿಂದ ಹೊರಗೆ, ಒಂದು ವರ್ಷ ಮಣ್ಣಿಗೆ. ಸುಮ್ಮನಿದ್ದರೆ ಒಂದು ಕುರಿ ಸಂತೆಗೆ. ನಾಲ್ಕು ದಿನ ನಾನು ಈ ಎರಡನ್ನೂ ತೂಗಿದೆ ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಬೀರಪ್ಪ ಚುಕ್ಕಿಯ ಕಾಲಿಗೆ ಹೊಸ ಹಗ್ಗ ಹೊಸೆಯುತ್ತಿದ್ದ. ಲಕ್ಕವ್ವ ಚಹಾದ ಬಟ್ಟಲು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ.

“ಆಯಿ, ಅದು ನನ್ನ ತಪ್ಪ. ಚುಕ್ಕಿ ನೆಕ್ಕೂದು ಮುಗಿಯೂಕಿಂತ ಮುಂಚೇನ ನಾ ಮರಿಗಿ ಬಣ್ಣ ಹಚ್ಚಿದೆ. ಆಮ್ಯಾಲ ಥಿನ್ನರ್ ಹಾಕಿ ಒರಸಿದೆ. ಸಾಬಾಣ ಹಚ್ಚಿ ತೊಳದೆ.”

ಬೀರಪ್ಪನ ಕೈ ನಿಂತಿತು. ಲಕ್ಕವ್ವ ಬಟ್ಟಲನ್ನು ಒಲೆಯ ಪಕ್ಕ ಇಟ್ಟಳು. ನನ್ನ ಕಡೆ ನೋಡಲೂ ಇಲ್ಲ. ಎದ್ದು ಗೂಟದ ಹತ್ತಿರ ಹೋಗಿ ಚುಕ್ಕಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಅದರ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ತಪ್ಪಾತ ನನ್ನವ್ವ. ಸುಮ್ಮಸುಮ್ಮನ ನಿನಗ ಬಡದೆ.”

ಆಮೇಲೆ ಸೊಂಟದ ಚೀಲದಿಂದ ಭಂಡಾರ ತೆಗೆದು ಅದರ ಹಣೆಗೆ ಹಚ್ಚಿದಳು. ಮನೆದೇವರ ಅರಿಶಿನ ಅದು, ಮನುಷ್ಯರಿಗೆ ಹಚ್ಚುವಂಥದ್ದು. ಹಗ್ಗ ಬಿಚ್ಚಿದಳು. ಚುಕ್ಕಿ ಬಿಡುಗಡೆಯಾದೊಡನೆ ಮರಿಗಳ ಬಲೆಯ ಸುತ್ತ ಓಡಾಡುತ್ತ, ಒಳಗಿನ ಒಂದೊಂದು ಮರಿಯ ಹತ್ತಿರವೂ ಮೂಗು ಚಾಚುತ್ತ ಒದರತೊಡಗಿತು.

ಲಕ್ಕವ್ವ ಆಗ ನನ್ನ ಕಡೆ ತಿರುಗಿದಳು. “ನಿನ್ನ ಬುಕ್ಕಿನ್ಯಾಗ ಇದರದ ಏನಂತ ಬರದಿ?”

ಪುಸ್ತಕ ತೆರೆದು ಓದಿದೆ. “ತಾಯಿಯಿಂದ ಮರಿಯ ತಿರಸ್ಕಾರ.”

“ಹಂಗಂದ್ರ?”

“ತಾಯಿ ಮರಿ ಒಲ್ಲೆ ಅಂತು ಅಂತ.”

“ಅದೆಲ್ಲಿ ಒಲ್ಲೆ ಅಂದೈತಿ?” ಅವಳ ದನಿ ಏರಲಿಲ್ಲ. “ನಾಲ್ಕ ದಿನದಿಂದ ಹಿಂಗ ಒದರಾಕತ್ತೈತಲ್ಲ, ಯಾಕಂತ ತಿಳದಿ? ಅದು ತನ್ನ ಮರೀನ ಹುಡಕಾಕತ್ತೈತಿ.”

ಅದರ ಒದರಾಟವನ್ನು ನಾನು ನಾಲ್ಕು ದಿನ ಐದೈದು ನಿಮಿಷಕ್ಕೆ ಬರೆದಿದ್ದೆ. ‘ಕೂಗು, ಕೂಗು, ಗೂಟದ ಸುತ್ತ ಓಡಾಟ, ಕೂಗು.’ ಕಂಡದ್ದೆಲ್ಲ ಪುಸ್ತಕದಲ್ಲಿತ್ತು. ಅದರ ಮೇಲೆ ‘ತಿರಸ್ಕಾರ’ ಎಂಬ ತಲೆಬರಹ ಮಾತ್ರ ನನ್ನದು. ಲಕ್ಕವ್ವನಿಗೂ ನಾಲ್ಕು ದಿನ ಕಾಣದ್ದು ಈಗ ಒಂದು ಗಳಿಗೆಯಲ್ಲಿ ಕಂಡಿತ್ತು, ನಾನು ಮುಚ್ಚಿಟ್ಟದ್ದು ಹೊರಗೆ ಬಂದದ್ದರಿಂದ. ನನಗೆ ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ.

ಬೀರಪ್ಪ ಹಗ್ಗ ಸುತ್ತಿ ಪಕ್ಕಕ್ಕೆಸೆದು, “ನಾಳಿಂದ ಬರಬ್ಯಾಡ್ರಿ ಅಕ್ಕಾರ” ಎಂದ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಹೊರಡುವ ಮೊದಲು ಆ ತಲೆಬರಹವನ್ನು ಹೊಡೆದು ಹಾಕಿ, ನಡೆದದ್ದನ್ನು ಗಂಟೆ ನಿಮಿಷ ಸಮೇತ ಬರೆದೆ. ದೊಡ್ಡವ್ವನ ಮನೆಗೆ ಹೋಗಿ ಬ್ಯಾಗು ತುಂಬಿದೆ. ಸರ್‌ಗೂ ಹೇಳಿದೆ. ಅವರು, “ಪಟ್ಟಿಯಿಂದ ಕೈಬಿಡಬೇಡ. ಬರೆದದ್ದು ಬರೆದ ಹಾಗೇ ಇರಲಿ” ಎಂದರು.

ಮರುದಿನ ಬೆಳಗ್ಗೆ ಊರಿಗೆ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಫೋನ್ ಬಂತು. ಲಕ್ಕವ್ವ ಫೋನಿನಲ್ಲಿ ಯಾವಾಗಲೂ ಆಚೆ ಹೊಲದವರನ್ನು ಕರೆಯುವ ಹಾಗೆ ಮಾತಾಡುವವಳು.

“ಎಲ್ಲಿ ಅದಿ? ಲಗೂನ ಬಾ. ಮರೀಗಿ ಬಾಟಲಿ ಹಾಲು ಕುಡಸಬ್ಯಾಡ ಅಂತ ಹೇಳೇನಿ ಸತ್ಯವ್ವಗ, ಹಸಗೊಂಡೈತಿ. ಬಾ.”

ಹೋದ ಮೇಲೆ ವಿಷಯ ತಿಳಿಯಿತು. ಮೋಟಗಿವಿ ಎಂಬ ಹಳೆಯ ಕುರಿ ನಸುಕಿನಲ್ಲಿ ಸತ್ತ ಮರಿ ಹಾಕಿತ್ತು. ಮರಿ ಸತ್ತಿದೆ ಎಂಬುದು ತಾಯಿಗೆ ತಿಳಿಯದೆ ನೆಕ್ಕುತ್ತಲೇ ಇತ್ತು. ಲಕ್ಕವ್ವ ಸತ್ತ ಮರಿಯನ್ನು ಮರೆಗೆ ತಂದು, ಸಣ್ಣ ಚೂರಿಯಿಂದ ಅದರ ತೊಗಲನ್ನು ಬಿಡಿಸಿದಳು. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ನಾನು ಮುಖ ತಿರುಗಿಸಿದೆ.

“ಹಿಡಿ” ಎಂದಳು. “ಕೈ ಹಾಕಿದಾಕಿ ನೀನ, ಈಗೂ ನೀನ ಹಿಡಿ.”

ಹಿಡಿದೆ. ಇನ್ನೂ ಹಸಿಯಾಗಿತ್ತು, ಜಾರುತ್ತಿತ್ತು. ಚುಕ್ಕಿಯ ಮರಿಗೆ ಆ ತೊಗಲನ್ನು ಅಂಗಿಯ ಹಾಗೆ ತೊಡಿಸಿದೆವು, ನಾಲ್ಕು ಕಾಲು ನಾಲ್ಕು ತೋಳಿಗೆ. ಬಾಲದ ಮೇಲೆ ಬಾಲ ಬರುವಂತೆ ಲಕ್ಕವ್ವ ಎರಡು ಸಲ ಸರಿಮಾಡಿದಳು. ಮೋಟಗಿವಿಯ ಮಾಸುಚೀಲದ ನೀರನ್ನು ತಲೆಗೂ ಸವರಿದಳು. ಆಮೇಲೆ ಮರಿಯನ್ನು ಮೋಟಗಿವಿಯ ಮುಂದೆ ಬಿಟ್ಟು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಬೀರಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ಅವನು ಅಂದು ಸಂತೆಗೆ ಹೋಗಿರಲಿಲ್ಲ.

ಮೋಟಗಿವಿ ಮೂಸಿತು. ತಲೆ ಮೂಸಿ ಸಂಶಯದಿಂದ ಕಾಲು ಅಪ್ಪಳಿಸಿತು. ಸುತ್ತು ಬಂದು ಬಾಲದ ಬುಡ ಮೂಸಿತು. ಅಲ್ಲಿ ಬಹಳ ಹೊತ್ತು ನಿಂತಿತು. ಹಸಿದ ಮರಿ ಅಷ್ಟರಲ್ಲಿ ಕೆಚ್ಚಲಿಗೆ ನುಗ್ಗಿ ಬಾಲ ಆಡಿಸತೊಡಗಿತ್ತು. ಮೋಟಗಿವಿಯ ಗಂಟಲಿನಿಂದ ಆ ಸಣ್ಣ ಸದ್ದು ಬಂತು, ಸಂಜೆ ನಾನು ಎಷ್ಟೋ ಸಲ ಬರೆದುಕೊಂಡಿದ್ದ ಸದ್ದು. ಲಕ್ಕವ್ವ ನನ್ನ ರಟ್ಟೆ ಬಿಟ್ಟಳು. ನಾನು ಗಡಿಯಾರ ನೋಡಿ ಹೊತ್ತು ಬರೆದೆ.

ಎರಡು ದಿನದಲ್ಲಿ ತೊಗಲು ತೆಗೆದರೂ ಮೋಟಗಿವಿಗೆ ಅಡ್ಡಿಯಿರಲಿಲ್ಲ. ಅದರದೇ ಹಾಲು ಕುಡಿದ ಮರಿಯಲ್ಲಿ ಆಗಲೇ ಅದರದೇ ವಾಸನೆ. ನಾಳೆಯಿಂದ ಬರಬೇಡ ಎಂದ ಮಾತನ್ನು ಬೀರಪ್ಪ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಣ್ಣದ ಡಬ್ಬಿಯನ್ನು ನಾನೇ ದೂರ ಎಸೆದೆ. ಅಲ್ಲಿಂದ ಮುಂದೆ ಹುಟ್ಟಿದ ಮರಿಗಳನ್ನು ಲಕ್ಕವ್ವ ಹೇಳಿದ ಹೆಸರಿನಿಂದಲೇ ಬರೆದುಕೊಂಡೆ. ಕಿವಿಯ ಅಂಚು, ಗೊರಸಿನ ಬಣ್ಣ, ಮೂಗಿನ ಮೇಲಿನ ಸುಳಿ. ನೋಡಲು ಕಲಿತರೆ ಒಂದೂ ಇನ್ನೊಂದರ ಹಾಗಿರಲಿಲ್ಲ.

ಚುಕ್ಕಿಗೆ ಮಾತ್ರ ಏನೂ ಸಿಗಲಿಲ್ಲ. ಅದರ ಮರಿಯನ್ನು ಇನ್ನೊಂದು ತಾಯಿಗೆ ಕೊಟ್ಟಾಗಿತ್ತು. ಅದು ಇನ್ನೂ ಎರಡು ದಿನ ಬಲೆಯ ಸುತ್ತ ಒದರಿತು. ಮೂರನೆಯ ದಿನ ಕಡಿಮೆಯಾಯಿತು. ಹಾಲು ಬತ್ತಿತು. ಎಲ್ಲವನ್ನೂ ಬರೆದೆ.

ಹುಣ್ಣಿಮೆಯ ಮರುದಿನ ಬೀಡು ಕಿತ್ತರು. ನಾನೂ ಹಿಂಡಿನ ಹಿಂದೆ ನಡೆದೆ. ಘಟಪ್ರಭಾದ ರೈಲ್ವೆ ಗೇಟಿನಲ್ಲಿ ಗಾಡಿ ದಾಟುವವರೆಗೆ ಇನ್ನೂರು ಕುರಿಗಳು ಮೋಟರ್‌ಸೈಕಲ್ಲುಗಳ ನಡುವೆ ಶಿಸ್ತಿನಿಂದ ನಿಂತವು. ಎರಡನೆಯ ದಿನ ಸಂಜೆಗೆ ಹುಕ್ಕೇರಿಯ ಹತ್ತಿರ ನಮ್ಮದೇ ಹೊಲ ಮುಟ್ಟಿದೆವು. ಅಪ್ಪ ಹಿಂಡನ್ನು ಮೂರು ದಿನ ನಮ್ಮ ಹೊಲದಲ್ಲಿ ನಿಲ್ಲಿಸಲು ಲಕ್ಕವ್ವನಿಗೆ ಎಲೆ ಅಡಿಕೆ ಕಳಿಸಿ ಹೇಳಿದ್ದರು. ಅವರೂ ಅವ್ವನೂ ರೊಟ್ಟಿ, ಶೇಂಗಾ ಹಿಂಡಿ, ಝುಣಕದ ವಡಿ ಕಟ್ಟಿಕೊಂಡು ಬಂದಿದ್ದರು. ಧೂಳು ತುಂಬಿದ ನನ್ನ ಮುಖ ನೋಡಿ ಅಪ್ಪ ನೀರಿನ ಕೊಡ ಎತ್ತಿಕೊಟ್ಟರು.

ಹೊತ್ತು ಮುಳುಗುವ ಮೊದಲು ಲಕ್ಕವ್ವ ಮರಿಗಳ ಬಲೆ ಎತ್ತಿದಳು. ಅದೇ ಗದ್ದಲ. ಚುಕ್ಕಿಯ ಮರಿ ಈಗ ಗಟ್ಟಿಯಾಗಿತ್ತು, ನೆಗೆಯುತ್ತ ಬಂತು. ದಾರಿಯಲ್ಲೇ ಚುಕ್ಕಿ ಕಬ್ಬಿನ ಸೋಗೆ ತಿನ್ನುತ್ತ ನಿಂತಿತ್ತು. ಮರಿ ಅದರ ಹೊಟ್ಟೆಗೆ ತಾಗಿಕೊಂಡೇ ಓಡಿತು. ಚುಕ್ಕಿ ತಲೆ ಎತ್ತಿತು. ಅದು ಮರಿಯನ್ನು ಒಮ್ಮೆ ನೋಡಿ ಮತ್ತೆ ಸೋಗೆಗೆ ಬಾಯಿ ಹಾಕಿತು. ಮರಿ ಮೋಟಗಿವಿಯ ಹೊಟ್ಟೆಯ ಕೆಳಗೆ ತೂರಿಕೊಂಡಿತು.

ಲಕ್ಕವ್ವ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳೂ ನೋಡಿದ್ದಳು.

“ತಾಯಿಗೂ ಗೊತ್ತಿಲ್ಲ, ಮರಿಗೂ ಗೊತ್ತಿಲ್ಲ” ಎಂದಳು. “ಗೊತ್ತಿದ್ದಾರು ನಾವಷ್ಟ. ನನ್ನ ಕಣ್ಣ ಹೊಂಟಾವು, ಇನ್ನ ನಾಕ ದಿನಕ್ಕ ನೆನಪೂ ಹೊಕ್ಕೈತಿ. ನೀ ಮರೀಬ್ಯಾಡ.”

ನಾನು ಚುಕ್ಕಿಯ ಹತ್ತಿರ ಹೋಗಿ ಕುಳಿತೆ. ಅದು ಮೇಯುವುದನ್ನು ಬಿಟ್ಟು ಬಂದು ನನ್ನ ಎರಡೂ ಕೈಗಳನ್ನು ಮೂಸಿ ನೋಡಿತು. ಬಹಳ ಹೊತ್ತು ಮೂಸಿತು. ಆಮೇಲೆ ತಿರುಗಿ ಸೋಗೆಯ ಕಡೆ ಹೋಯಿತು.